ಸಾವಿರದ ನೂರರ ಗೆರೆ

ಏರು ಹತ್ತಬೇಡಿ ಎಂದರು ಡಾಕ್ಟರು,
ಮಡಿಕೇರಿಯಲ್ಲಿ ಕೂತು.
ಅವರ ಕ್ಲಿನಿಕ್ಕಿಗೇ ಇಪ್ಪತ್ತೆರಡು ಮೆಟ್ಟಿಲು.

ಗಾಳಿಬೀಡಿನಲ್ಲಿ ಅಂಗಡಿ ಮೇಲಿದೆ, ಬಾವಿ ಕೆಳಗಿದೆ,
ಪೇಪರಿನ ಹುಡುಗ ಅರ್ಧ ದಾರಿಯಿಂದಲೇ ಎಸೆಯುತ್ತಾನೆ.
ಸಮತಟ್ಟು ಎಂದರೆ ನಮ್ಮಲ್ಲಿ ಕೇರಂ ಬೋರ್ಡು ಮಾತ್ರ.

ಟ್ರಂಕಿನಿಂದ ಹಳೆಯ ಹಾಳೆ ತೆಗೆದೆ.
ಸರ್ವೆ ಆಫೀಸಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಕಂದು ಶಾಯಿಯಲ್ಲಿ ಬೆಟ್ಟ ತಿದ್ದಿದವನು ನಾನು,
ಕೂತಲ್ಲೇ, ಒಂದೂ ಬೆಟ್ಟ ಹತ್ತದೆ.
ಸಮೋನ್ನತಿ ರೇಖೆ ಎಂದು ಪುಸ್ತಕದ ಹೆಸರು;
ನಾವು ಟೇಬಲ್ಲಿನವರು ಗೆರೆ ಅನ್ನುತ್ತಿದ್ದೆವು.
ಇಪ್ಪತ್ತು ಮೀಟರಿಗೊಂದು ಸಣ್ಣ ಗೆರೆ,
ಐದನೆಯದು ದಪ್ಪ, ಅದರ ಹೊಟ್ಟೆಯಲ್ಲಿ ಅಂಕಿ.
ಗೆರೆಗಳು ಒತ್ತೊತ್ತಾಗಿದ್ದರೆ ಮಂಡಿ ಜೋಪಾನ,
ದೂರ ದೂರವಿದ್ದರೆ ದನ ಮೇಯಿಸಬಹುದು.

ನನ್ನ ಮನೆ ಸಾವಿರದ ನೂರರ ಮೇಲೇ ಇದೆ.
ದಪ್ಪ ಗೆರೆ ಅಡುಗೆಮನೆ ಹೊಕ್ಕು
ಕೊಟ್ಟಿಗೆಯಿಂದ ಹೊರಡುತ್ತದೆ.
ಅದರ ಮೇಲೆಯೇ ನಡೆದರೆ?
ಒಂದಡಿ ಏರದೆ, ಒಂದಡಿ ಇಳಿಯದೆ.

ನಡೆದೆ.
ಗೆರೆ ನೆಟ್ಟಗೆ ಹೋಗುವ ಪೈಕಿಯಲ್ಲ.
ಕೊಲ್ಲಿ ಬಂದಲ್ಲಿ ಒಳಗೊಳಗೆ ಸರಿದು
ತೊರೆ ಮುಟ್ಟಿ, ಆಚೆ ದಡದಲ್ಲಿ
ಅಷ್ಟೇ ದೂರ ಹೊರಗೆ ಬರುತ್ತದೆ,
ಮರೆತ ಕೊಡೆಗೆ ವಾಪಸು ಹೋದವನ ಹಾಗೆ.
ಕೂಗಿದರೆ ಕೇಳುವ ದಿಣ್ಣೆಗೆ ಮುಕ್ಕಾಲು ಗಂಟೆ,
ಕಿತ್ತಳೆ ಗಿಡಗಳ ನಡುವೆ, ಬೇಲಿ ನುಸುಳಿ,
ಯಾರದೋ ನಾಯಿಗೆ ಹಾಳೆ ತೋರಿಸುತ್ತ.

ಗದ್ದೆಯಲ್ಲಿ ಚುಕ್ಕ ಬದು ಕಟ್ಟುತ್ತಿದ್ದ.
ಏನು ಹುಡುಕ್ತೀರಿ?
ಮಟ್ಟ, ಅಂದೆ.
ಗುದ್ದಲಿ ಊರಿ ನಕ್ಕು, ಮಡೆ ಬಿಚ್ಚಿ ನೀರು ಬಿಟ್ಟ.
ನೀರು ತಾನೇ ಹರಡಿ, ತಾನೇ ನಿಂತು
ಮಣ್ಣಿನ ಮೇಲೆ ತನ್ನ ಅಂಚು ಎಳೆಯಿತು,
ಡೊಂಕು ಡೊಂಕಾಗಿ, ಎಲ್ಲೂ ತಪ್ಪದೆ.
ನಿಂತರೆ ಹೀಗೆ, ಅಂದ ಚುಕ್ಕ. ಬಿಟ್ಟರೆ
ಇದನ್ನೇ ಅಡ್ಡ ಕಡಿದು ಓಡ್ತದೆ.

ಮುಂದೊಂದು ಕಡೆ ಕಾಲಿಡಲು ನೆಲವೇ ಇರಲಿಲ್ಲ.
ಆ ವರ್ಷದ ಆಗಸ್ಟಿನಲ್ಲಿ ಜರಿದ ಬರೆ
ಕೆಳಗಿನ ತೋಟದ ಮೇಲೆ ಮಲಗಿದೆ.
ಬರೆ ಎಂದಿದ್ದರು ಮೇಲಿನವರು, ಬರೆದಿದ್ದೆ.
ಬರೆ ಹೋಯಿತು, ಬರೆದದ್ದು ಉಳಿಯಿತು.
ಗೆರೆ ಎಲ್ಲೋ ಒಳಕ್ಕೆ ಸರಿದಿರಬೇಕು,
ಎಲ್ಲಿಗೆಂದು ಯಾರೂ ಗುರುತಿಸಿಲ್ಲ.
ಅಲ್ಲಿಂದ ತಿರುಗಿದೆ.

ಅಕ್ಕ ಬೊಳ್ಳಮ್ಮ ಇರುವುದು ಸಾವಿರದ ನೂರ ನಲವತ್ತರಲ್ಲಿ.
ಹಾಳೆಯ ಮೇಲೆ ನಮ್ಮ ನಡುವೆ ಒಂದು ಅಕ್ಕಿಕಾಳು.
ಅವಳ ಮಂಡಿ ಇಳಿಯಲು ಒಪ್ಪುವುದಿಲ್ಲ,
ನನ್ನ ಎದೆ ಏರಲು.
ಭಾನುವಾರದ ಕಡಂಬುಟ್ಟು ಮೊಮ್ಮಗಳ ಕೈಯಲ್ಲಿ ಬರುತ್ತದೆ,
ತಣ್ಣಗಾಗಿ.
ನನ್ನ ಗೆರೆಯಲ್ಲಿ ಜನ್ಮವಿಡೀ ಸುತ್ತಿದರೂ
ಅವಳ ಗೆರೆ ಅಡ್ಡ ಬರುವುದಿಲ್ಲ.
ಒಂದೇ ಜಾಗಕ್ಕೆ ಎರಡು ಎತ್ತರ ಉಂಟೇನಯ್ಯ
ಎಂದು ಹೊಸ ಹುಡುಗರನ್ನು ನಾನೇ ಗದರುತ್ತಿದ್ದೆ;
ಗೆರೆಗೆ ಗೆರೆ ತಾಗಿಸಿದರೆ ಆ ದಿನ ಕಾಫಿಯಿಲ್ಲ.

ಸಂಜೆ ದನಗಳು ಮನೆಗೆ ಏರುವುದನ್ನು ನೋಡಿದೆ.
ಗೆರೆಯ ಉದ್ದಕ್ಕೂ ಅಲ್ಲ, ಅಡ್ಡಕ್ಕೂ ಅಲ್ಲ,
ಓರೆಯಾಗಿ, ಒಂದೊಂದೇ ಗೆರೆಯನ್ನು
ಕೇಳಿಕೊಂಡು ದಾಟುವ ಹಾಗೆ.
ನಲವತ್ತು ಮೀಟರನ್ನು ಎರಡು ಕಿಲೋಮೀಟರಿಗೆ ಹಂಚಿದರೆ
ಐವತ್ತಕ್ಕೆ ಒಂದು.
ಇದು ಹತ್ತುವುದಲ್ಲ ಡಾಕ್ಟರೇ, ತಪ್ಪು ತಿಳಿಯಬೇಡಿ,
ಮಟ್ಟಕ್ಕೆ ಮಾಡುವ ಸಣ್ಣ ಮೋಸ.

ಈಗ ಸಾವಿರದ ನೂರ ಹದಿಮೂರರಲ್ಲಿ ಕೂತಿದ್ದೇನೆ,
ಹದಿನಾಲ್ಕೂ ಇರಬಹುದು.
ಇಲ್ಲಿ ನಾನು ಯಾವ ಗೆರೆಯನ್ನೂ ಎಳೆದಿರಲಿಲ್ಲ,
ಖಾಲಿ ಎಂದು ಬಿಳಿ ಬಿಟ್ಟಿದ್ದೆ.
ಬಿಳಿಯ ತುಂಬ ಗೆರೆಗಳೇ: ಈ ಕಲ್ಲಿಗೊಂದು,
ಪಕ್ಕದ ಹುತ್ತಕ್ಕೊಂದು, ನನ್ನ ಏದುಸಿರಿಗೊಂದು,
ಎಲ್ಲವೂ ಬೆಟ್ಟ ಸುತ್ತಿ ಬಂದು
ತಮ್ಮ ಬಾಲ ತಾವೇ ಹಿಡಿಯುತ್ತವೆ.

ಮೇಲೆ ಅಕ್ಕ ಕೋಳಿಗಳನ್ನು ಗೂಡಿಗೆ ಕರೆಯುತ್ತಿದ್ದಾಳೆ.
ದನಿ ನೇರ ಇಳಿಯುತ್ತದೆ, ಬಿಟ್ಟ ನೀರಿನ ಹಾಗೆ.
ಅದಕ್ಕೆ ಡಾಕ್ಟರು ಏನೂ ಹೇಳಿಲ್ಲ.